ದೋಕ್‌ಚಿಲ್ ಹಂಚಿದ ಜೀರ್ಣದ ಮಾತ್ರೆ

ಮಾ ದೋಕ್‌ಚಿಲ್ ಬಲಗಾಲಿನ ಹಳೆಯ ಮಂಡಿಯನ್ನು ಜಿಂಜು ಪಟ್ಟಣದ ಆಸ್ಪತ್ರೆಯಲ್ಲಿ ಬಿಟ್ಟು, ಲೋಹದ ಹೊಸ ಮಂಡಿ ಹಾಕಿಸಿಕೊಂಡು ದ್ವೀಪಕ್ಕೆ ಮರಳಿದ ದಿನ ಊರಿನ ಸಭಾಮನೆಯಲ್ಲಿ ಹಂದಿಮಾಂಸ ಬೇಯಿಸಿದ್ದರು. ಅವನ ಗೌರವಾರ್ಥ ಎಂದು ಹೆಸರು. ನಿಜ ಹೇಳಬೇಕೆಂದರೆ ಚಳಿಗಾಲದಲ್ಲಿ ಆ ಊರಿನವರಿಗೆ ಮಾಂಸ ಬೇಯಿಸಲು ಒಂದು ನೆಪ ಬೇಕಿತ್ತು. ಹಿಂದಿನ ವಾರದ ನೆಪ ಯಾರದೋ ಮನೆಯ ನಾಯಿ ಮರಿ ಹಾಕಿದ್ದು. ಅದಕ್ಕೆ ಹೋಲಿಸಿದರೆ ದೋಕ್‌ಚಿಲ್‌ನ ಮಂಡಿ ಎಷ್ಟೋ ವಾಸಿ.

ಎಲ್ಲರೂ ಬೆಚ್ಚಗಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ದೋಕ್‌ಚಿಲ್‌ಗೆ ಮಾತ್ರ ಕುರ್ಚಿ. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹುಟ್ಟಿದಾಗಿನಿಂದ ನೆಲದ ಮೇಲೆ ಕುಳಿತು ಬದುಕಿದವನನ್ನು ಇದ್ದಕ್ಕಿದ್ದಂತೆ ಕುರ್ಚಿಯ ಮೇಲೆ ಕೂರಿಸಿ, ಊರಿನವರ ನೆತ್ತಿಗಳೆಲ್ಲ ಕಾಣುವಂತೆ ಮಾಡಿದರೆ ಅವನ ಮಾತಿಗೂ ಸ್ವಲ್ಪ ಎತ್ತರ ಬಂದೇ ಬರುತ್ತದೆ. ಮುಂದೆ ಆದದ್ದಕ್ಕೆಲ್ಲ ಆ ಕುರ್ಚಿಯೇ ಮೂಲ ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ.

"ನೋವು ಹೇಗಿದೆಯಪ್ಪಾ?" ಎಂದು ಕೇಳಿದಳು ಸಾಚೊನ್ ಅಜ್ಜಿ. ಸಾಚೊನ್ ಪೇಟೆಯಿಂದ ಮದುವೆಯಾಗಿ ಬಂದವಳಾದ್ದರಿಂದ ಆ ಹೆಸರು. ಅವಳ ಸ್ವಂತ ಹೆಸರು ಈಗ ಅವಳಿಗಾದರೂ ನೆನಪಿದೆಯೋ ಇಲ್ಲವೋ. ಸಭಾಮನೆಯ ಅನ್ನದ ಕುಕ್ಕರಿನ ಮೇಲೂ ಟೀವಿಯ ರಿಮೋಟಿನ ಮೇಲೂ ಅವಳದೇ ಅಧಿಕಾರ.

ದೋಕ್‌ಚಿಲ್ ಉತ್ತರ ಕೊಡುವ ಮೊದಲು ಹೆಂಡತಿಯ ಕಡೆ ನೋಡಿದ. ಜೊಮ್‌ಸುಕ್ ಗೋಡೆಗೆ ಒರಗಿ, ಎರಡೂ ಕಾಲು ಮುಂದಕ್ಕೆ ಚಾಚಿಕೊಂಡು, ತಟ್ಟೆ ಪಕ್ಕಕ್ಕಿಟ್ಟು ಅವನ ಬಾಯನ್ನೇ ನೋಡುತ್ತಿದ್ದಳು.

ಆ ನೋಟಕ್ಕೆ ಕಾರಣವಿತ್ತು. ಗಂಡನಿಗಿಂತ ಅವಳ ಮಂಡಿಗಳೇ ಹೆಚ್ಚು ಸವೆದಿದ್ದವು. ಮದುವೆಯಾದಾಗಿನಿಂದ ಚಳಿಗಾಲವೆಲ್ಲ ಪಾಲಕ್ ಹೊಲದಲ್ಲಿ, ಅದು ಮುಗಿದರೆ ಬೆಳ್ಳುಳ್ಳಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕುಳಿತು ಕಾಲುಗಳು ಬಿಲ್ಲಿನಂತೆ ಬಾಗಿಹೋಗಿದ್ದವು. ಮಗ ಹಸುಗೂಸಾಗಿದ್ದಾಗಿನ ತಳ್ಳುಗಾಡಿಯನ್ನು ಈಗ ಅವಳೇ ಆಸರೆಗೆ ತಳ್ಳಿಕೊಂಡು ಓಡಾಡುತ್ತಿದ್ದಳು. ಮೆಟ್ಟಿಲು ಬಂದರೆ ಹಿಂದುಮುಂದಾಗಿ ತಿರುಗಿ, ಮನೆಯ ಕಡೆ ಮುಖ ಮಾಡಿ, ಒಂದೊಂದೇ ಇಳಿಯುತ್ತಿದ್ದಳು. ಅವಳು ಹಾಗೆ ಇಳಿಯುವಾಗ ದೋಕ್‌ಚಿಲ್ ಸಮುದ್ರದ ಕಡೆ ತಿರುಗಿ ಇಲ್ಲದ ದೋಣಿಗಳನ್ನು ಹುಡುಕುತ್ತಿದ್ದ. ಅವನಿಗೆ ನೋಡಲಾಗುತ್ತಿರಲಿಲ್ಲ.

ಇಬ್ಬರಿಗೂ ಮಂಡಿ ಬದಲಾಯಿಸಬೇಕೆಂದು ಡಾಕ್ಟರು ಹೇಳಿದಾಗ ಜೊಮ್‌ಸುಕ್ ಒಂದು ಕರಾರು ಹಾಕಿದ್ದಳು. "ನೀವು ಮೊದಲು ಹೋಗಿ ಬನ್ನಿ. ಬಂದು ನಿಜ ಹೇಳಿ. ತಡ್ಕೊಳ್ಳೋ ಹಾಗಿದ್ರೆ ನಾನೂ ಹೋಗ್ತೀನಿ. ಇಲ್ದಿದ್ರೆ ಹೀಗೇ ತೆವಳ್ಕೊಂಡು ಇದ್ಬಿಡ್ತೀನಿ." ಅವಳ ಸರದಿ ಚಾಂದ್ರಮಾನ ಹೊಸವರ್ಷದ ಹಬ್ಬ ಮುಗಿದ ಕೂಡಲೇ ಇತ್ತು. ಅದು ತಪ್ಪಿದರೆ ಬೆಳ್ಳುಳ್ಳಿ ಕೆಲಸ ಶುರುವಾಗುತ್ತದೆ, ಆಮೇಲೆ ಅವಳು ಯಾರ ಮಾತೂ ಕೇಳುವವಳಲ್ಲ.

ಆದ್ದರಿಂದ ದೋಕ್‌ಚಿಲ್ ಗಂಟಲು ಸರಿಮಾಡಿಕೊಂಡು, ಕುರ್ಚಿಯ ಮೇಲಿನಿಂದ ಘೋಷಿಸಿದ.

"ನೋವಾ? ಇರುವೆ ಕಚ್ಚಿದ ಹಾಗೆ ಅಷ್ಟೇ. ಅದೂ ಚಿಕ್ಕ ಇರುವೆ."

ಸಭೆ ತಲೆದೂಗಿತು. ಜೊಮ್‌ಸುಕ್ ಮಾತ್ರ ಏನೂ ಹೇಳದೆ ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡಳು. ದೋಕ್‌ಚಿಲ್ ಅದನ್ನು ಸಮಾಧಾನದ ಲಕ್ಷಣ ಎಂದು ತಿಳಿದ. ನಲವತ್ತು ವರ್ಷದ ಮೇಲೆ ಸಂಸಾರ ಮಾಡಿಯೂ ಹೆಂಡತಿಯ ಮೌನಗಳಲ್ಲಿ ಯಾವುದು ಯಾವುದು ಎಂದು ಅವನಿಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಬೇ ಸಾಮ್‌ಶಿಕ್ ಹೊಟ್ಟೆ ಹಿಡಿದುಕೊಂಡ. ಟಿಲ್ಲರ್ ಯಂತ್ರ ಇಟ್ಟುಕೊಂಡು ಊರಿಗೆಲ್ಲ ಉಳುವ ದೊಡ್ಡ ಆಳು. ಊಟದಲ್ಲೂ ಅವನದು ಯಂತ್ರದ ಕೆಲಸವೇ. ಮಾಂಸದ ಮೇಲೆ ಅಕ್ಕಿಯ ಕಡುಬು, ಕಡುಬಿನ ಮೇಲೆ ಮತ್ತೆ ಮಾಂಸ ಪೇರಿಸಿ, ಈಗ ಎಲ್ಲವೂ ಎದೆಗೆ ಬಂದು ನಿಂತಿತ್ತು. ಸಾಚೊನ್ ಅಜ್ಜಿ ತಕ್ಷಣ ಹೊಲಿಗೆ ಸೂಜಿ ತೆಗೆದು ತಲೆಗೂದಲಿಗೆ ಎರಡು ಸಲ ಉಜ್ಜಿಕೊಂಡಳು. ಅಜೀರ್ಣವಾದರೆ ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡಕ್ಕೆ ಚುಚ್ಚಿ ಕಪ್ಪು ರಕ್ತ ತೆಗೆಯುವುದು ಅವಳ ವಿದ್ಯೆ. ಆ ಸೂಜಿ ಕಂಡು ಓಡಿಹೋಗದ ಗಂಡಸು ಆ ಊರಿನಲ್ಲಿರಲಿಲ್ಲ.

"ಬೇಡ ಅಜ್ಜಿ, ತಾನಾಗೇ ಇಳಿಯುತ್ತೆ," ಎಂದ ಸಾಮ್‌ಶಿಕ್ ಗೋಡೆಗೆ ಅಂಟಿಕೊಳ್ಳುತ್ತ.

"ತಾನಾಗೇ ಹೋಗೋದು ಪ್ರಾಣ ಒಂದೇ. ಕೈ ಕೊಡೋ."

"ಸ್ವಲ್ಪ ತಡಿ ಅಜ್ಜಿ," ಎಂದಿತು ಕುರ್ಚಿ. "ಇವನಿಗೆ ಆಸ್ಪತ್ರೆ ಮಾತ್ರೆ ನಾನು ಕೊಡ್ತೀನಿ."

ದೋಕ್‌ಚಿಲ್ ಜೇಬಿನಿಂದ ಔಷಧಿಯ ಸರ ತೆಗೆದ. ಆ ದೇಶದಲ್ಲಿ ಔಷಧಿ ಅಂಗಡಿಯವರು ಹೊತ್ತುಹೊತ್ತಿನ ಮಾತ್ರೆಗಳನ್ನೆಲ್ಲ ಒಂದೊಂದು ಪುಟ್ಟ ಪೊಟ್ಟಣಕ್ಕೆ ಒಟ್ಟಿಗೆ ಹಾಕಿ, ಪೊಟ್ಟಣಗಳನ್ನು ಉದ್ದಕ್ಕೆ ಸರ ಮಾಡಿ ಕೊಡುತ್ತಾರೆ. ಪೊಟ್ಟಣ ಹರಿ, ಬಾಯಿಗೆ ಸುರಿ, ನೀರು ಕುಡಿ. ಯಾವುದು ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ. ಆದರೆ ಒಂದು ವಿಷಯ ಮಾತ್ರ ಪ್ರತಿಯೊಬ್ಬರಿಗೂ ಗೊತ್ತು: ನೆಗಡಿಗೆ ಹೋದರೂ, ಕಾಲು ಉಳುಕಿ ಹೋದರೂ, ಹೊಟ್ಟೆಗೆ ಭಾರವಾಗದಿರಲಿ ಎಂದು ಡಾಕ್ಟರು ಪ್ರತಿ ಪೊಟ್ಟಣದಲ್ಲೂ ಒಂದು ಜೀರ್ಣದ ಮಾತ್ರೆ ಸೇರಿಸುತ್ತಾರೆ.

ದೋಕ್‌ಚಿಲ್ ಪೊಟ್ಟಣ ಹರಿದು ಅಂಗೈಗೆ ಸುರಿದುಕೊಂಡ. ದೊಡ್ಡ ಹಳದಿ ಒಂದು, ಕೆಂಪು ಒಂದು, ಉದ್ದನೆಯ ಕ್ಯಾಪ್ಸೂಲ್ ಒಂದು, ಮತ್ತೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿಯದು ಒಂದು.

"ನೋಡಿ, ಈ ದೊಡ್ಡ ಹಳದಿ ಇದೆಯಲ್ಲ, ಇದು ನೋವಿನ ಸೇನಾಪತಿ. ಕೆಂಪಗಿರೋದು ರಕ್ತಕ್ಕೆ. ಕ್ಯಾಪ್ಸೂಲು ಕೀವಾಗದ ಹಾಗೆ. ಉಳಿದಿದ್ದು ಈ ಚಿಕ್ಕದು. ಇದೇ ಜೀರ್ಣದ್ದು. ನನ್ನ ಹೊಟ್ಟೆಗೆ ಇದೆಲ್ಲ ಯಾಕೆ? ಕಲ್ಲು ತಿಂದ್ರೂ ಕರಗಿಸೋ ಹೊಟ್ಟೆ."

ಡಾಕ್ಟರು ಇದನ್ನೆಲ್ಲ ವಿವರಿಸಿರಲಿಲ್ಲವೇ ಎಂದು ಕೇಳಬಹುದು. ವಿವರಿಸಿದ್ದರು. ಊತ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿದೆ, ಅದಕ್ಕೇ ಕೆಲವು ದಿನ ಸ್ಟೀರಾಯ್ಡ್ ಕೊಡುತ್ತಿದ್ದೇನೆ, ಊಟದ ಜೊತೆ ತಗೊಳ್ಳಿ, ಬಿಡಬೇಡಿ, ನೀವಾಗಿ ನಿಲ್ಲಿಸಬೇಡಿ, ಆಮೇಲೆ ನಾನೇ ಕಡಿಮೆ ಮಾಡುತ್ತೇನೆ ಎಂದು ನಿಧಾನವಾಗಿ ಹೇಳಿದ್ದರು. ದೋಕ್‌ಚಿಲ್ ತಲೆಯಾಡಿಸಿದ್ದ. ಮೀನುಗಾರರ ಸಹಕಾರ ಸಂಘದಲ್ಲಿ ಕಾವಲುಗಾರನಾಗಿ, ಎಷ್ಟೋ ಅಧ್ಯಕ್ಷರ ಭಾಷಣಗಳಿಗೆ ಆಡಿ ಆಡಿ ಪಳಗಿದ ತಲೆ ಅದು. ಒಳಗೆ ಏನೂ ಇಳಿಯದೆಯೂ ಸೊಗಸಾಗಿ ಆಡುತ್ತಿತ್ತು.

ಸಾಮ್‌ಶಿಕ್ ಬಿಳಿ ಮಾತ್ರೆ ನುಂಗಿದ. ಅಜ್ಜಿ ಬೇಸರದಿಂದ ಅವನ ಬೆನ್ನಿಗೆ ಗುದ್ದಿದಳು. ಗುದ್ದಿನ ಪ್ರಭಾವವೋ ಏನೋ, ಗೋಡೆಯ ಕ್ಯಾಲೆಂಡರ್ ಅಲುಗುವಂಥ ತೇಗು ಬಂತು. ಹೆಸರು ಮಾತ್ರ ಮಾತ್ರೆಗೆ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸಾಮ್‌ಶಿಕ್‌ನ ಅಂಗಳದಿಂದ ಸೌದೆ ಸೀಳುವ ಸದ್ದು ಕೇಳಿಬಂತು. ಸೊಂಟನೋವೆಂದು ವರ್ಷಗಳಿಂದ ಕೊಡಲಿ ಮುಟ್ಟದವನು ಬೆವರು ಸುರಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಮುಂದಿನ ಚಳಿಗಾಲದ ಸೌದೆಯನ್ನೂ ಸೀಳಿ ಹಾಕುತ್ತಿದ್ದ.

"ಅಣ್ಣಾ, ರಾತ್ರಿ ನಿದ್ದೆನೇ ಬರ್ಲಿಲ್ಲ, ಆದ್ರೂ ಸುಸ್ತೇ ಇಲ್ಲ," ಎಂದ ಬೇಲಿಯ ಆಚೆಯಿಂದ. "ಹೊಟ್ಟೆ ಸ್ವಚ್ಛ ಆಗಿದ್ದಕ್ಕೆ ಸೊಂಟವೂ ಬಿಟ್ಕೊಂಡಿದೆ. ಇನ್ನೊಂದಿದ್ರೆ ಕೊಡು."

ಹೀಗೆ ಒಂದು ಹೊಸ ವೈದ್ಯಶಾಸ್ತ್ರ ಹುಟ್ಟಿತು. ರೋಗಗಳೆಲ್ಲ ಹೊಟ್ಟೆಯಿಂದಲೇ ಎಂದು ಸಭಾಮನೆ ಮೊದಲಿನಿಂದಲೂ ಅನುಮಾನಿಸಿತ್ತು. ಈಗ ಸಾಕ್ಷಿ ಸಿಕ್ಕಿತು. ಸಾಚೊನ್ ಅಜ್ಜಿ ತನಗೂ ಎದೆಯುರಿ ಎಂದು ಒಂದು ಮಾತ್ರೆ ಇಸಿದುಕೊಂಡಳು. ಮಾರನೆಯ ದಿನ ಅವಳು ಗುಡ್ಡದ ಮೇಲಿನ ಗಂಡನ ಸಮಾಧಿಗೆ ಕೋಲಿಲ್ಲದೆ ಹತ್ತಿ, ಕೆಳಗಿಳಿದು ಬಂದು, ಮರೆತ ಮಾತೊಂದು ನೆನಪಾಗಿ ಮತ್ತೆ ಹತ್ತಿ ಗಂಡನನ್ನು ಬೈದು ಬಂದಳಂತೆ.

ಕೊಡುವ ಕೈಯ ರುಚಿ ದೋಕ್‌ಚಿಲ್‌ಗೆ ಹತ್ತಿತು. ಇಡೀ ಆಯುಷ್ಯದಲ್ಲಿ ಯಾರೂ ಅವನ ಬಳಿ ಏನನ್ನೂ ಕೇಳಿಕೊಂಡು ಬಂದವರಲ್ಲ. ಸಂಘದ ಗೇಟಿನ ಬೀಗದ ಕೈ ಬಿಟ್ಟರೆ ಅವನಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ. ಈಗ ಊರಿನ ಹಿರಿಯರು ಅವನ ಮನೆಯ ಮುಂದೆ ಚಪ್ಪಲಿ ಬಿಡುತ್ತಿದ್ದರು. ಮಧ್ಯಾಹ್ನದ ಪೊಟ್ಟಣದ ಬಿಳಿ ಮಾತ್ರೆ ಅಜ್ಜಿಗೆ, ಸಂಜೆಯದು ಸಾಮ್‌ಶಿಕ್‌ಗೆ ಎಂದು ನಿಗದಿಯಾಯಿತು. ಬೆಳಗಿನದನ್ನು ಅವನು ಜೊಮ್‌ಸುಕ್‌ಗೆ ಕೊಟ್ಟ. ಅವಳ ಹೊಟ್ಟೆಗೆ ಏನೂ ಆಗಿರಲಿಲ್ಲ. ಊರಿಗೆಲ್ಲ ಹಂಚಿ ಹೆಂಡತಿಗೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕೊಟ್ಟ, ಅಷ್ಟೇ.

ಅಲ್ಲಿಗೆ ಕೆಲಸ ಕೆಟ್ಟಿತು. ಜೊಮ್‌ಸುಕ್‌ನ ಮಂಡಿ ಸಡಿಲವಾಯಿತು. ತಳ್ಳುಗಾಡಿಯನ್ನು ಕಂಬಕ್ಕೆ ಒರಗಿಸಿ ಬರಿಗೈಯಲ್ಲಿ ಅಂಗಳ ದಾಟಿದಳು. ಪಾಲಕ್ ಹೊಲಕ್ಕೆ ಹೋಗಿ ಒಂದು ಬುಟ್ಟಿ ಕಿತ್ತು ತಂದಳು. ದೋಕ್‌ಚಿಲ್ ಮೊದಲು ಖುಷಿಪಟ್ಟ, ಆಮೇಲೆ ಅವಳು ಸಭಾಮನೆಯ ಫೋನಿನ ಮುಂದೆ ಕೂತದ್ದನ್ನು ಕಂಡ.

"ಹಲೋ, ನಾನು ಓಕ್ ಜೊಮ್‌ಸುಕ್. ಹೂಂ, ದ್ವೀಪದವಳೇ. ನನ್ನ ಮಂಡಿ ಈಗ ಬೇಡ. ಹಳೇದೇ ಸಾಕು. ಯಾರಿಗಾದ್ರೂ ಅವಸರ ಇದ್ರೆ ನನ್ನ ಸರದಿ ಅವರಿಗೇ ಕೊಟ್ಬಿಡಿ."

"ಯಾಕೇ?" ಎಂದ ದೋಕ್‌ಚಿಲ್. ಕುರ್ಚಿಯ ಮೇಲೆ ಕುಳಿತಿದ್ದರೂ ದನಿ ನೆಲಕ್ಕೆ ಇಳಿದಿತ್ತು.

"ಜೀರ್ಣದ ಮಾತ್ರೆಗೇ ಹೋಗೋ ನೋವಿಗೆ ಕಾಲು ಯಾಕೆ ಕೊಯ್ಸಬೇಕು?"

"ಕೊಯ್ಸಿದ್ರೂ ಏನೂ ಆಗಲ್ಲ ಕಣೇ. ನನ್ನ ನೋಡು. ಇರುವೆ ಕಚ್ಚಿದ ಹಾಗೆ ಅಷ್ಟೇ."

"ನೋಡ್ತಾನೇ ಇದೀನಿ," ಎಂದಳು ಜೊಮ್‌ಸುಕ್, ಫೋನು ಇಟ್ಟು.

ನೋಡುವಂಥದ್ದು ಬೇಕಾದಷ್ಟಿತ್ತು. ತನ್ನ ಪಾಲಿನ ಔಷಧಿಯನ್ನು ಊರಿಗೆ ಹಂಚಿದ ದೋಕ್‌ಚಿಲ್‌ನ ಮಂಡಿ ಊದಿ ಪ್ಯಾಂಟಿನ ಕಾಲೊಳಗೆ ತುರುಕಲಾಗದಂತಾಗಿತ್ತು. ಒಳಗೆ ಯಾರೋ ಕುಲುಮೆ ಹಾಕಿಕೊಂಡು ಕೂತ ಹಾಗೆ ಸುಡುತ್ತಿತ್ತು. ದೊಡ್ಡ ಹಳದಿ ಸೇನಾಪತಿ ಒಬ್ಬನೇ ಏನು ಮಾಡಿಯಾನು? ಕಾಲು ಬಾಗಿಸಿ ಚಾಚುವ ವ್ಯಾಯಾಮ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಬಾಗಿಸಿದರೆ ಕಣ್ಣಲ್ಲಿ ನೀರು ಚಿಮ್ಮುತ್ತಿತ್ತು. ಮನೆಯಲ್ಲಿ ನರಳಿದರೆ ಹೆಂಡತಿಗೆ ಕೇಳುತ್ತದೆ. ಕಚ್ಚಿಕೊಂಡ ಟವೆಲಿಗೂ ಒಂದು ಮಿತಿ ಇರುತ್ತದಲ್ಲ.

ಕೊನೆಗೆ ಅವನು ಒಂದು ಉಪಾಯ ಕಂಡುಕೊಂಡ. ಸಾಮ್‌ಶಿಕ್‌ನ ಕೊಟ್ಟಿಗೆಗೆ ಹೋಗಿ, ಟಿಲ್ಲರಿನ ಪಕ್ಕದಲ್ಲಿ ಕುಳಿತು, ಇಂಜಿನ್ ಚಾಲೂ ಮಾಡಿ, ಆ ಗದ್ದಲದಲ್ಲಿ ಮನಸಾರೆ ನರಳುವುದು. ಟಡಟಡ ಎಂಬ ಸದ್ದಿನ ಕೆಳಗೆ "ಅಯ್ಯಯ್ಯೋ, ಅಮ್ಮಾ, ಸತ್ತೆ" ಎಂದು ತೃಪ್ತಿಯಾಗುವಷ್ಟು ಹೇಳಿಕೊಂಡು, ಕಣ್ಣೊರೆಸಿಕೊಂಡು, ಇಂಜಿನ್ ನಿಲ್ಲಿಸಿ ನಗುಮುಖದಿಂದ ಹೊರಗೆ ಬರುತ್ತಿದ್ದ.

"ಅಣ್ಣಾ, ಟಿಲ್ಲರ್ ಯಾಕೆ ದಿನಾ ಓಡಿಸ್ತೀಯ?" ಎಂದು ಕೇಳಿದ ಸಾಮ್‌ಶಿಕ್.

"ಚಳಿಗೆ ಇಂಜಿನ್ ಹಿಡ್ಕೊಂಡ್ಬಿಡುತ್ತೆ ಕಣೋ. ನಿನಗೋಸ್ಕರಾನೇ."

ಸಾಮ್‌ಶಿಕ್‌ನ ಕಣ್ಣು ತುಂಬಿ ಬಂತು. ಮಾತ್ರೆಯೂ ಕೊಡುತ್ತಾನೆ, ಇಂಜಿನ್ನೂ ಕಾಯುತ್ತಾನೆ, ಇಂಥ ನೆರೆಯವನು ಯಾರಿಗೆ ಸಿಗುತ್ತಾನೆ ಎಂದು ಸಭಾಮನೆಯಲ್ಲಿ ಹೇಳಿಕೊಂಡ. ಹೊಸ ಮಂಡಿ ಬಂದ ಮೇಲೆ ದೋಕ್‌ಚಿಲ್‌ಗೆ ಉಳುಮೆಯ ಹುಮ್ಮಸ್ಸು ಬಂದಿದೆ ಎಂದು ಊರು ಮಾತಾಡಿಕೊಂಡಿತು.

ಈ ಸುಖಸಂಸಾರವನ್ನು ಮುರಿದದ್ದು ಸಾಚೊನ್ ಅಜ್ಜಿಯ ಬಾಯಾರಿಕೆ. ಅಜ್ಜಿಗೆ ಮೊದಲೇ ಸಕ್ಕರೆ ಕಾಯಿಲೆ. ಗುಡ್ಡ ಹತ್ತಿ ಇಳಿದು ಓಡಾಡಿಕೊಂಡಿದ್ದವಳು ಒಂದು ದಿನ ಬೆಳಿಗ್ಗೆಯಿಂದ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ಕುಡಿದಷ್ಟೂ ಬಾಯಾರಿಕೆ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಕುಕ್ಕರಿನ ಪಕ್ಕದಲ್ಲೇ ಕುಸಿದು ಕುಳಿತಳು. ಸಭಾಮನೆಗೆ ಅಂಟಿಕೊಂಡೇ ಇದ್ದ ಆರೋಗ್ಯ ಕೇಂದ್ರದಿಂದ ನರ್ಸ್ ಯೊಮ್ ಓಡಿ ಬಂದಳು. ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಯಂತ್ರ ತೋರಿಸಿದ ಅಂಕಿ ಕಂಡು ಯಂತ್ರವನ್ನೇ ಒಮ್ಮೆ ತಟ್ಟಿ, ಮತ್ತೆ ಚುಚ್ಚಿ ನೋಡಿದಳು.

"ಏನು ತಿಂದ್ರಿ ಅಜ್ಜಿ?"

"ಎಲ್ಲರೂ ತಿಂದಿದ್ದೇ."

"ಔಷಧಿ ಏನಾದ್ರೂ?"

"ಔಷಧಿ ಎಂಥದ್ದು. ದೋಕ್‌ಚಿಲ್ ಕೊಡೋ ಜೀರ್ಣದ ಮಾತ್ರೆ, ದಿನಕ್ಕೊಂದು." ಅಜ್ಜಿ ಸೆರಗಿನಂತೆ ಸುತ್ತಿಕೊಂಡಿದ್ದ ಶಾಲಿನ ಗಂಟು ಬಿಚ್ಚಿ ಆ ದಿನದ ಮಾತ್ರೆ ತೋರಿಸಿದಳು.

ಯೊಮ್ ಅದನ್ನು ಬೆಳಕಿಗೆ ಹಿಡಿದು, ಮೇಲೆ ಒತ್ತಿದ್ದ ಗುರುತು ನೋಡಿದಳು. ಆಮೇಲೆ ಅದನ್ನು ಅಜ್ಜಿಗೆ ಮರಳಿ ಕೊಡದೆ ತನ್ನ ಜೇಬಿಗೆ ಹಾಕಿಕೊಂಡಳು.

"ಅಜ್ಜಿ, ಇದು ಜೀರ್ಣದ್ದಲ್ಲ. ಸ್ಟೀರಾಯ್ಡ್. ದೋಕ್‌ಚಿಲ್ ಅಣ್ಣನ ಆಪರೇಷನ್ ಆದ ಮಂಡಿಗೆ ಕೊಟ್ಟಿರೋದು. ನಿಮ್ಮ ಸಕ್ಕರೆ ಏರಿಸಿರೋದೇ ಇದು."

"ಅಂದ್ರೆ, ಆ ಮೂಳೆ ಸೂಜಿಗೆ ಹಾಕ್ತಾರಲ್ಲ, ಅದಾ?"

"ಅದರ ತಮ್ಮ ಅಂದ್ಕೊಳ್ಳಿ."

ಅಜ್ಜಿಯ ಮುಖ ನೋಡಬೇಕಿತ್ತು. ಮಂಡಿನೋವಿಗೆ ಪೇಟೆಯಲ್ಲಿ ಹಾಕುವ ಆ ಚುಚ್ಚುಮದ್ದಿಗೆ ಊರಿನವರು ಮೂಳೆ ಸೂಜಿ ಎನ್ನುತ್ತಿದ್ದರು. ಅದು ಮೂಳೆಯನ್ನೇ ಕರಗಿಸುತ್ತದೆ, ಹಾಕಿಸಿಕೊಂಡವರು ಸಭಾಮನೆಯ ಹೊಸ್ತಿಲು ತುಳಿಯಕೂಡದು ಎಂದು ಕಟ್ಟಳೆ ಮಾಡಿದವಳೇ ಸಾಚೊನ್ ಅಜ್ಜಿ. ಈಗ ಅವಳೇ ತನ್ನ ಕಟ್ಟಳೆಯ ಪ್ರಕಾರ ಹೊಸ್ತಿಲಾಚೆ ಹೋಗಬೇಕಿತ್ತು, ಆದರೆ ಏಳಲು ಆಗುತ್ತಿರಲಿಲ್ಲ.

ಅಜ್ಜಿಯನ್ನು ಪೇಟೆಯ ಆಸ್ಪತ್ರೆಗೆ ಗಾಡಿ ಹತ್ತಿಸಿದ ಮೇಲೆ ಯೊಮ್ ಊರಿನ ಮುಖಂಡ ಥಾಕ್‌ನ ಹತ್ತಿರ ಹೋದಳು. ಮಾತ್ರೆ ಇನ್ನೂ ಯಾರ್ಯಾರ ಹೊಟ್ಟೆ ಸೇರಿದೆಯೋ ತಿಳಿಯಬೇಕಿತ್ತು. ಥಾಕ್‌ಗೆ ಇಡೀ ಮುಖಂಡತನದಲ್ಲಿ ಪ್ರೀತಿಯ ಕೆಲಸ ಒಂದೇ, ಮೈಕಿನಲ್ಲಿ ಮಾತಾಡುವುದು. ಸಭಾಮನೆಯ ಸೂರಿನ ಮೇಲೆ ನಾಲ್ಕು ದಿಕ್ಕಿಗೆ ಬಾಯಿ ತೆರೆದ ಧ್ವನಿವರ್ಧಕಗಳಿದ್ದವು. ಗಾಳಿ ಅನುಕೂಲವಿದ್ದರೆ ಸಮುದ್ರದ ದೋಣಿಗಳಿಗೂ ಕೇಳುತ್ತಿತ್ತು. ಮಾತು ಮುಗಿದ ಮೇಲೆ ಗುಂಡಿ ಆರಿಸಬೇಕು ಎಂಬುದೊಂದು ಅವನಿಗೆ ನೆನಪಿರುತ್ತಿರಲಿಲ್ಲ. ಹಿಂದಿನ ತಿಂಗಳು ಕಾಲುಚೀಲದ ವಿಷಯಕ್ಕೆ ಅವನಿಗೂ ಅವನ ಹೆಂಡತಿಗೂ ಆದ ಜಗಳವನ್ನು ಊರು ಪೂರ್ತಿ ಕೇಳಿ, ಕೊನೆಗೆ ಹೆಂಡತಿಯದೇ ಸರಿ ಎಂದು ತೀರ್ಮಾನಿಸಿತ್ತು.

"ಆ, ಆ. ಮೈಕ್ ಪರೀಕ್ಷೆ. ಮುಖಂಡ ಮಾತಾಡ್ತಿದೀನಿ. ಮಾ ದೋಕ್‌ಚಿಲ್ ಮನೆಯಿಂದ ಚಿಕ್ಕ ಬಿಳಿ ಮಾತ್ರೆ ತಗೊಂಡವರು ಕೂಡಲೇ ಸಭಾಮನೆಗೆ ಬಂದು ನರ್ಸಮ್ಮನಿಗೆ ಕಾಣಿಸ್ಕೊಳ್ಳಿ. ಅದು ಜೀರ್ಣದ್ದಲ್ಲ. ಮತ್ತೆ ಹೇಳ್ತೀನಿ, ಜೀರ್ಣದ್ದಲ್ಲ. ದೋಕ್‌ಚಿಲ್ ಅವರೂ ಬರಬೇಕು. ಮಂಡಿ ಸಮೇತ ಬರಬೇಕು."

ದೋಕ್‌ಚಿಲ್ ಆಗ ಟಿಲ್ಲರಿನ ಪಕ್ಕದಲ್ಲಿದ್ದ. ಇಂಜಿನ್ ಸದ್ದಿನಲ್ಲೂ ತನ್ನ ಹೆಸರು ಕೇಳಿ ನರಳುವುದನ್ನು ಅರ್ಧಕ್ಕೇ ನಿಲ್ಲಿಸಿದ. ಕೋಲೂರಿಕೊಂಡು ಸಭಾಮನೆಗೆ ಬಂದಾಗ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಸಾಮ್‌ಶಿಕ್ ನರ್ಸಿನ ಮುಂದೆ ತೋಳು ಚಾಚಿ ಬಿಪಿ ನೋಡಿಸಿಕೊಳ್ಳುತ್ತ, "ನಾನು ಸಾಯ್ತೀನಾ?" ಎಂದು ಕೇಳುತ್ತಿದ್ದ.

"ಸಾಯಲ್ಲ. ಸೌದೆ ಸೀಳೋದು ನಿಲ್ಲಿಸಿ, ನಿದ್ದೆ ಮಾಡಿ," ಎಂದಳು ಯೊಮ್. ದೋಕ್‌ಚಿಲ್‌ನನ್ನು ಕಂಡವಳೇ ಎದ್ದು, ಜನರಿಂದ ಮರೆಯಾಗಲೆಂದು ಮೈಕಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಥಾಕ್ ಮೂಲೆಯಲ್ಲಿ ನಿಂತ. ಮೇಜಿನ ಮೇಲೆ ಮೈಕು, ಮೈಕಿನ ಬುಡದಲ್ಲಿ ಪುಟ್ಟ ಕೆಂಪು ದೀಪ. ಆ ದೀಪದ ಕಡೆ ಮೂವರಲ್ಲಿ ಯಾರೂ ನೋಡಲಿಲ್ಲ.

"ನೋವಿದೆಯಾ ಅಣ್ಣಾ?"

ಹೊರಗೆ ನಾಲ್ಕು ದಿಕ್ಕಿನಲ್ಲೂ ಅದೇ ಪ್ರಶ್ನೆ ಮೊಳಗಿತು. ಬಾಗಿಲು ಗಟ್ಟಿ ಇದ್ದುದರಿಂದ ಒಳಗಿದ್ದವರಿಗೆ ತಿಳಿಯಲಿಲ್ಲ.

"ಇರುವೆ ಕಚ್ಚಿದ ಹಾಗೆ," ಎಂದ ದೋಕ್‌ಚಿಲ್.

ಯೊಮ್ ಪ್ಯಾಂಟಿನ ಕಾಲು ಮೇಲೆತ್ತಿದಳು. ಊದಿದ ಮಂಡಿಯನ್ನು ನೋಡಿ ತುಟಿ ಕಚ್ಚಿಕೊಂಡು, ಎಷ್ಟು ಬಾಗುತ್ತದೆ ನೋಡೋಣ ಎಂದು ಹಿಮ್ಮಡಿ ಹಿಡಿದು ಮೆಲ್ಲಗೆ ಬಾಗಿಸಿದಳು. ಮೆಲ್ಲಗೇ ಬಾಗಿಸಿದಳು, ಪಾಪ.

ದೋಕ್‌ಚಿಲ್‌ನ ಕೂಗು ಸೂರಿನಿಂದ ಹೊರಟು, ಪಾಲಕ್ ಹೊಲ ದಾಟಿ, ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಬಂತು. ಕಂಬದ ಮೇಲಿನ ಕಾಗೆಗಳು ಎದ್ದುಹೋದವು. ಅಂಗಳದಲ್ಲಿ ಸಾಮ್‌ಶಿಕ್ ಎರಡೂ ಕಿವಿ ಮುಚ್ಚಿಕೊಂಡ.

"ಅಯ್ಯೋ ಬಿಡಮ್ಮಾ, ಬಿಡು, ನಿನ್ನ ದಮ್ಮಯ್ಯ. ಉರಿದುಹೋಗ್ತಿದೆ. ಬಂದಾಗಿನಿಂದ್ಲೂ ಹೀಗೇ. ಕೂತ್ರೂ ನೋವು, ನಿಂತ್ರೂ ನೋವು. ಸಾಕಾಗಿ ಹೋಗಿದೆ ನನಗೆ."

"ಮತ್ತೆ ಇರುವೆ ಅಂತೀರಲ್ಲ," ಎಂದಳು ಯೊಮ್. "ಇದ್ದಿದ್ದು ಇದ್ದ ಹಾಗೆ ಹೇಳಿದ್ರೆ ನಾನು ಮೊದಲ ದಿನವೇ ಪೊಟ್ಟಣ ನೋಡ್ತಿದ್ದೆ. ಯಾಕೆ ಹೇಳ್ಲಿಲ್ಲ?"

ದೋಕ್‌ಚಿಲ್ ಮುಖ ಒರೆಸಿಕೊಂಡ. ಅವನು ಅಳುತ್ತಿದ್ದ, ಅದನ್ನು ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ.

"ಹೇಳಿದ್ರೆ ಜೊಮ್‌ಸುಕ್ ಹೆದರ್ಕೋತಾಳೆ. ಅವಳ ಕಾಲು ನನಗಿಂತ ಕೆಟ್ಟುಹೋಗಿದೆ ಕಣಮ್ಮಾ. ಮೊದಲು ಅವಳೇ ಹೋಗಬೇಕಿತ್ತು. ನಾನು ಗೇಟಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಕಾಲ ಕಳೆದೆ, ಅವಳು ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಲು ಕಳೆದ್ಕೊಂಡ್ಲು. ಮೆಟ್ಟಿಲು ಹಿಂದುಮುಂದಾಗಿ ಇಳೀತಾಳೆ. ನನಗೆ ನೋಡೋಕಾಗಲ್ಲ, ಆ ಕಡೆ ತಿರುಗಿ ನಿಂತ್ಕೋತೀನಿ. ಅವಳು ಹೋಗ್ಲಿ ಅಂತ ಇರುವೆ ಅಂದೆ. ಈಗ ಅವಳು ಹೋಗೋದೂ ತಪ್ಪಿತು. ನಾನು ಕೊಟ್ಟ ಮಾತ್ರೆಯಿಂದ್ಲೇ ತಪ್ಪಿತು."

ಥಾಕ್ ಮೂಗು ಒರೆಸಿಕೊಳ್ಳಲು ಬಗ್ಗಿದಾಗ ಕೆಂಪು ದೀಪ ಕಣ್ಣಿಗೆ ಬಿತ್ತು. ಅವನು ಕೈ ಚಾಚಿದ, ಆಮೇಲೆ ಏನಾದರೂ ಹೇಳಬೇಕೆನಿಸಿ, ಮೈಕಿನ ಹತ್ತಿರ ಬಗ್ಗಿ, "ಪ್ರಕಟಣೆ ಮುಗಿಯಿತು," ಎಂದು ಹೇಳಿ ಗುಂಡಿ ಆರಿಸಿದ.

ಅವರು ಬಾಗಿಲು ತೆರೆದಾಗ ಅಂಗಳದಲ್ಲಿದ್ದವರೆಲ್ಲ ಇನ್ನೂ ಧ್ವನಿವರ್ಧಕಗಳ ಕಡೆಗೇ ಕತ್ತೆತ್ತಿ ನಿಂತಿದ್ದರು. ಇಳಿಜಾರಿನಲ್ಲಿ ತಳ್ಳುಗಾಡಿಯ ಚಕ್ರದ ಕಿರುಗುಟ್ಟುವಿಕೆ ಕೇಳುತ್ತಿತ್ತು. ಜೊಮ್‌ಸುಕ್ ಬರುತ್ತಿದ್ದಳು. ಪಾಲಕ್ ಸೋಸುತ್ತಿದ್ದವಳು ಹಾಗೆಯೇ ಎದ್ದು ಬಂದದ್ದಕ್ಕೆ ಕೈಯಲ್ಲಿ ಮಣ್ಣು, ಮಡಿಲಲ್ಲಿ ಎಲೆ. ಜನ ದಾರಿ ಬಿಟ್ಟರು. ಬೈಗುಳ ಯಾವ ಎತ್ತರದಿಂದ ಶುರುವಾಗುತ್ತದೋ ಎಂದು ಎಲ್ಲರೂ ಉಸಿರು ಹಿಡಿದಿದ್ದರು.

"ನಿಮಗೆ ಬಾಗಿಲ ಸಂದಿಗೆ ಬೆರಳು ಸಿಕ್ಕಿದ್ದು ನೆನಪಿದೆಯಾ?" ಎಂದಳು.

ದೋಕ್‌ಚಿಲ್ ಅನುಮಾನದಿಂದ ತಲೆಯಾಡಿಸಿದ.

"ಕಿರುಬೆರಳು. ಅದಕ್ಕೆ ಅಗ್ನಿಶಾಮಕದವರನ್ನ ಕರೆಸಿದ್ರಿ. ಜ್ವರ ಬಂದ್ರೆ ನನ್ನ ಗೋರಿ ಎಲ್ಲಿ ಮಾಡ್ತೀರ ಅಂತ ಕೇಳೋ ಮನುಷ್ಯ ನೀವು. ಅಂಥವರು ಕಾಲು ಕೊಯ್ಸ್ಕೊಂಡು ಬಂದು ಇರುವೆ ಕಚ್ಚಿದ ಹಾಗೆ ಅಂದ್ರೆ ನಾನು ಏನು ತಿಳ್ಕೊಬೇಕು? ಹೆಂಡ್ತಿ ಹತ್ರಾನೂ ಹೇಳ್ಕೊಳ್ಳೋಕಾಗದಂಥ ನೋವು ಅಂತ ತಿಳ್ಕೊಂಡೆ. ನಾನು ಹೆದರಿದ್ದು ಆ ಇರುವೆಗೆ. ಮಾತ್ರೆ ಬರೀ ನೆಪ."

"ನಿನಗೆ ಗೊತ್ತಿತ್ತಾ?"

"ಟಿಲ್ಲರ್ ಸದ್ದಿನ ಕೆಳಗೆ ನಿಮ್ಮ ದನಿ ನನಗೆ ಕೇಳಿಸಲ್ವಾ? ದಿನಾ ಕೊಟ್ಟಿಗೆ ಹಿಂದೆ ನಿಂತು ಕೇಳ್ತಿದ್ದೆ. ಒಳಗೆ ಬಂದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಬರಲಿಲ್ಲ."

ಪಕ್ಕದಲ್ಲಿದ್ದ ಸಾಮ್‌ಶಿಕ್, "ಇಂಜಿನ್‌ಗೋಸ್ಕರ ಅಲ್ವಾ ಹಾಗಾದ್ರೆ," ಎಂದು ಮೆಲ್ಲಗೆ ಗೊಣಗಿಕೊಂಡ.

"ಈಗ ಕೇಳಿದೆ," ಎಂದಳು ಜೊಮ್‌ಸುಕ್. "ಪೂರ್ತಿ ಕೇಳಿದೆ. ಎಷ್ಟು ನೋವು ಅಂತ ಗೊತ್ತಾಯ್ತು. ಮಗನ್ನ ಹೆತ್ತಾಗ ನಾನು ಇದಕ್ಕಿಂತ ಜೋರಾಗಿ ಕೂಗಿದ್ದೆ. ಇಷ್ಟಾದ್ರೆ ನಾನು ತಡ್ಕೋತೀನಿ." ಆಮೇಲೆ ನರ್ಸಿನ ಕಡೆ ತಿರುಗಿದಳು. "ಆಸ್ಪತ್ರೆಗೆ ಫೋನ್ ಮಾಡಮ್ಮ. ನನ್ನ ಮಂಡಿ ಇನ್ನೂ ಯಾರಿಗೂ ಕೊಟ್ಟಿಲ್ವಾ ಕೇಳು."

ಸರದಿ ಬೇರೆಯವರಿಗೆ ಹೋಗಿತ್ತು. ಆದರೆ ಯೊಮ್ ಫೋನು ಬಿಡದೆ ಹಿಡಿದು, ಬೆಳ್ಳುಳ್ಳಿ ಕೆಲಸಕ್ಕೆ ಮೊದಲೇ ಇನ್ನೊಂದು ದಿನ ಗಿಟ್ಟಿಸಿದಳು. ಅದೇ ಫೋನಿನಲ್ಲಿ ಡಾಕ್ಟರು ದೋಕ್‌ಚಿಲ್‌ನನ್ನು ಕರೆಸಿ, ದೊಡ್ಡ ದನಿ ತೆಗೆಯದೆ, ಆದರೆ ಬಹಳ ಹೊತ್ತು ಮಾತಾಡಿದರು. ಈ ಸಲ ಅವನು ತಲೆಯಾಡಿಸಲಿಲ್ಲ. ಪ್ರತಿ ಮಾತನ್ನೂ ತಿರುಗಿಸಿ ಹೇಳಿ ಒಪ್ಪಿಸಬೇಕಾಯಿತು. ಮರುದಿನ ಜಿಂಜುವಿಗೆ ಹೋಗಿ ಮಂಡಿ ತೋರಿಸಿ, ಹೊಸ ಪೊಟ್ಟಣಗಳ ಸರ ತಂದ. ನೋವು ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಊತ ಇಳಿಯಿತು, ನೋವು ಕಾಲು ಬಾಗಿಸಲು ಬಿಡುವಷ್ಟಕ್ಕೆ ಬಂತು. ಸಾಚೊನ್ ಅಜ್ಜಿ ಪೇಟೆಯಿಂದ ಸಕ್ಕರೆ ಇಳಿಸಿಕೊಂಡು ಬಂದವಳು ದೋಕ್‌ಚಿಲ್ ಜೊತೆ ಮಾತು ಬಿಟ್ಟಳು. ಮೂಳೆ ಸೂಜಿಯ ಕಟ್ಟಳೆಯನ್ನೂ ಸದ್ದಿಲ್ಲದೆ ಬಿಟ್ಟಳು.

ಜೊಮ್‌ಸುಕ್ ಆಪರೇಷನ್ ಮುಗಿಸಿ ಬಂದಾಗ ಹಂದಿಮಾಂಸ ಮತ್ತೆ ಬೆಂದಿತು. ಸಭಾಮನೆಯಲ್ಲಿ ಈಗ ಎರಡು ಕುರ್ಚಿ. ನೋವು ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ ಅವಳು, "ಪ್ರಾಣ ಹೋಗ್ತಿದೆ," ಎಂದು ಸರಳವಾಗಿ ಹೇಳಿ ಊಟ ಮುಂದುವರಿಸಿದಳು. ಊಟವಾದ ಮೇಲೆ ಪೊಟ್ಟಣ ಹರಿದು ಅಂಗೈಗೆ ಸುರಿದುಕೊಂಡಳು. ಪಕ್ಕದಲ್ಲಿ ಸಾಮ್‌ಶಿಕ್ ಎದೆ ಉಜ್ಜಿಕೊಳ್ಳುತ್ತ ಆ ಬಿಳಿ ಮಾತ್ರೆಯ ಕಡೆ ಆಸೆಯಿಂದ ನೋಡಿದ. ಜೊಮ್‌ಸುಕ್ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಸಾಚೊನ್ ಅಜ್ಜಿ ಸೂಜಿ ತೆಗೆದು ತಲೆಗೂದಲಿಗೆ ಉಜ್ಜಿದಳು. ಸಾಮ್‌ಶಿಕ್‌ನ ಅಜೀರ್ಣ ಅಲ್ಲೇ ವಾಸಿಯಾಯಿತು.

ಬೆಳ್ಳುಳ್ಳಿ ಗಿಡದ ತುದಿ ಹಳದಿಯಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಜೊಮ್‌ಸುಕ್ ಮನೆಯ ಜಗುಲಿಯ ಮೇಲೆ ಬಂದು ನಿಂತಳು. ಹೊಲಕ್ಕೆ ಕೆಲಸಕ್ಕಲ್ಲ, ಸುಮ್ಮನೆ ನೋಡಿ ಬರಲು. ದೋಕ್‌ಚಿಲ್ ಕೆಳಗೆ ಅಂಗಳದಲ್ಲಿ ಕೋಲು ಹಿಡಿದು ಕಾಯುತ್ತಿದ್ದ. ಅವಳು ಅಭ್ಯಾಸಬಲದಿಂದ ಹಿಂದುಮುಂದಾಗಿ ತಿರುಗಿದಳು. ಅವನೂ ಅಭ್ಯಾಸಬಲದಿಂದ ಸಮುದ್ರದ ಕಡೆ ತಿರುಗಿದ. ಆಮೇಲೆ ಅವಳ ಹೆಜ್ಜೆಯ ಸದ್ದು ಕೇಳಿಸದಿದ್ದಾಗ ಮತ್ತೆ ಈ ಕಡೆ ನೋಡಿದ.

ಅವಳು ಮತ್ತೆ ತಿರುಗಿ ಅಂಗಳಕ್ಕೆ ಮುಖ ಮಾಡಿ ನಿಂತಿದ್ದಳು.

"ನೋಯುತ್ತಾ?" ಎಂದ, ಮೆಟ್ಟಿಲ ಬುಡಕ್ಕೆ ಬಂದು.

"ನೋಯುತ್ತೆ," ಎಂದಳು ಜೊಮ್‌ಸುಕ್, ಅವನ ಹೆಗಲಿಗೆ ಕೈ ಊರಿ. "ನಿಮಗೆ?"

"ನನಗೂ."

ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಇಡೀ ಊರಿಗೆ ಕೇಳುವಂತೆ "ಅಯ್ಯೋ" ಎಂದಳು. ಎರಡನೆಯದಕ್ಕೂ ಎಂದಳು. ದೋಕ್‌ಚಿಲ್ ಈ ಸಲ ಕಣ್ಣು ತೆಗೆಯದೆ ನೋಡುತ್ತಿದ್ದ, ಅವಳು ಮುಂದೆ ನೋಡಿಕೊಂಡು ಕೆಳಗಿಳಿದು ಬರುತ್ತಿದ್ದಳು.